ಬರಿಗಾಲಿನ ಸೆಲ್ಯ ರಟ್ಟಾದ ಕತೆ

ಪಾಸಿಂಗ್ ಎಂಬ ಹೆಸರಿಟ್ಟುಕೊಂಡೂ ಆಕೆ ಗಣಿತದಲ್ಲಿ ಒಮ್ಮೆಯೂ ಪಾಸಾಗಲಿಲ್ಲ. ಇದು ನನ್ನ ಮಾತಲ್ಲ. ಆಕೆಗೂ, ಎಂಟು ವರ್ಷ ಕಳೆದ ಮೇಲೆ ನನಗೂ ಕಾನ್ವೆಂಟಿನಲ್ಲಿ ಪಾಠ ಹೇಳಿದ ಸಿಸ್ಟರ್ ಕಾರಿದಾದ್ ಅವರದು. ಪೂರ್ತಿ ಹೆಸರು ಪಾಸಿಯೆನ್ಸಿಯಾ, ಎಂದರೆ ತಾಳ್ಮೆ. ಅದೇ ಹೆಸರಿನ ಬಿಸ್ಕತ್ತೊಂದು ನಮ್ಮ ಬೇಕರಿಗಳಲ್ಲಿ ಸಿಗುತ್ತದೆ: ಮೊಟ್ಟೆಯ ಬಿಳಿಯಲ್ಲಿ ಮಾಡಿದ, ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ, ನಾಲಿಗೆಯ ಮೇಲಿಟ್ಟರೆ ಕರಗಿ ಮಾಯವಾಗುವ ಬಿಲ್ಲೆ. ಜನ ತುಂಬಿದ ಜೀಪ್ನಿ ಬಂಡಿಯಲ್ಲಿ ಯಾರದಾದರೂ ಕಾಲು ತುಳಿದರೆ ನಾವು ಹೇಳುವುದೂ ಅದನ್ನೇ. 'ಪಾಸೆನ್ಸಿಯಾ', ಕೊಂಚ ತಾಳಿಕೊಳ್ಳಿ, ತಪ್ಪಾಯಿತು. ಹೀಗೆ ಒಬ್ಬಳೇ ಹೆಂಗಸು ಗುಣವೂ ತಿಂಡಿಯೂ ಕ್ಷಮೆಯೂ ಆಗಿದ್ದಳು. ಮೊದಲಿನ ಎರಡನ್ನು ಆಕೆ ಊರಿಗೆಲ್ಲ ಹಂಚಿದಳು. ಮೂರನೆಯದನ್ನು ಯಾರ ಬಳಿ ಕೇಳಬೇಕಿತ್ತೋ ಅವರ ಬಳಿ ಮಾತ್ರ ನಲವತ್ತೊಂದು ವರ್ಷ ಕೇಳಲಾಗಲಿಲ್ಲ.

ಮನಿಲಾದ ಪಕ್ಕದ ಬೂಟಿನ ಊರು ನಮ್ಮ ಮರಿಕಿನಾದಲ್ಲಿ ಮನುಷ್ಯರ ಮುಖ ನೋಡುವುದು ಆಮೇಲೆ. ಮೊದಲು ಕಾಲು ನೋಡುತ್ತೇವೆ. ಪಾಸಿಂಗಳ ಮನೆಯಲ್ಲಿ ಮೂರು ತಲೆಮಾರು ಬೂಟು ಹೊಲಿದವರು. ಅಪ್ಪ ಅಟ್ಟೆ ಹಚ್ಚುತ್ತಿದ್ದರು, ಪಾಸಿಂಗ್ ಮೇಲ್ಭಾಗದ ಚರ್ಮ ಕತ್ತರಿಸಿ ಹೊಲಿಯುತ್ತಿದ್ದಳು. ಮೂರು ವರ್ಷ ಚಿಕ್ಕವಳಾದ ತಂಗಿ ಲೂದಿವಿನಾ, ಮನೆಯವರ ಬಾಯಲ್ಲಿ ಲೂದಿಂಗ್, ಚರ್ಮ ಕಂಡರೆ ಮೂಗು ಮುಚ್ಚುತ್ತಿದ್ದಳು, ಕಾಗದ ಕಂಡರೆ ಬಿಡುತ್ತಿರಲಿಲ್ಲ. ಆ ಕಾಲದಲ್ಲಿ ಮೂಲೆಯಂಗಡಿಯಲ್ಲಿ ಚಿತ್ರಕತೆಯ ಪುಸ್ತಕಗಳನ್ನು ಒಗೆದ ಬಟ್ಟೆಯಂತೆ ಹಗ್ಗಕ್ಕೆ ನೇತುಹಾಕಿರುತ್ತಿದ್ದರು. ಹತ್ತು ಸೆಂಟಾವೊ ಕೊಟ್ಟರೆ ಅಲ್ಲೇ ಬೆಂಚಿನ ಮೇಲೆ ಕೂತು ಓದಿ ಮತ್ತೆ ಹಗ್ಗಕ್ಕೆ ಹಾಕಬೇಕು. ಲೂದಿಂಗ್ ಆ ಬೆಂಚಿನ ಮೇಲೆ ಬೆಳೆದಳು. ಹತ್ತೊಂಬತ್ತನೆಯ ವಯಸ್ಸಿಗೆ ತಾನೇ ಒಂದು ಕತೆ ಬರೆದು ಬಿಡಿಸಿದಳು. ಹೆಸರು 'ಬರಿಗಾಲಿನ ಸೆಲ್ಯ'. ಊರಿಗೆ ಊರೇ ಬೂಟು ಹೊಲಿಯುವಲ್ಲಿ ಬೂಟು ಮೆಟ್ಟದ ಒಬ್ಬ ಹುಡುಗಿ. ಬರಿಗಾಲಲ್ಲಿದ್ದಷ್ಟು ಹೊತ್ತು ಹೊಳೆಯ ನೀರಿನ ಮೇಲೆ ನಡೆದಾಡಬಲ್ಲಳು. ದಪ್ಪ ರಟ್ಟಿನ ಹಾಳೆಗಳ ಮೇಲೆ ಇಪ್ಪತ್ತನಾಲ್ಕು ಪುಟ, ಆರು ತಿಂಗಳ ಕೆಲಸ. ಮನಿಲಾದ ಪ್ರಕಾಶಕರೊಬ್ಬರು ಸೋಮವಾರ ತಂದು ತೋರಿಸು ಅಂದಿದ್ದರು.

ಭಾನುವಾರ ಏನಾಯಿತೆಂದರೆ, ರಟ್ಟು ಮುಗಿಯಿತು. ಜೂನ್‌ನಲ್ಲಿ ಶಾಲೆ ಶುರು, ಮೇ ಕೊನೆಯ ವಾರ. ಮುನ್ನೂರು ಜೊತೆ ಕಪ್ಪು ಬೂಟು ಆಗಬೇಕು, ಹೊಸ ಅಳತೆಗೆ, ಚರ್ಮದ ಮೇಲಿಟ್ಟು ಗೆರೆ ಎಳೆಯುವ ರಟ್ಟಿನ ನಮೂನೆ ಹೊಸದಾಗಿ ಕತ್ತರಿಸಬೇಕು, ಅಂಗಡಿ ಮುಚ್ಚಿದೆ. ಪಾಸಿಂಗ್ ಮನೆಯೆಲ್ಲ ತಡಕಿ ಮಂಚದ ಕೆಳಗೆ ನೋಡಿದರೆ ಒಂದು ಕಟ್ಟು ಒಳ್ಳೆಯ ರಟ್ಟು! ಒಂದು ಬದಿಗೆ ತಂಗಿಯ ಗೀಚಾಟ. ತಂಗಿ ಬೇಡವಾದ ಹಾಳೆಗಳನ್ನು ಎಸೆಯುತ್ತಿದ್ದುದೂ ಅಲ್ಲಿಗೇ. ಬೂಟಿನ ಊರಿನವರಿಗೆ ಗಟ್ಟಿ ರಟ್ಟು ಕಂಡರೆ ಅದರಲ್ಲಿ ಕಾಣುವುದು ಒಂದೇ, ಪಾದ. ಚಿತ್ರದ ಬದಿಯನ್ನು ಕೆಳಗೆ ಮಾಡಿ ಗೆರೆ ಎಳೆದಳು, ಕತ್ತರಿಸಿದಳು. ಮುಂಭಾಗ, ಪಕ್ಕ, ಹಿಮ್ಮಡಿ, ದಾರದ ಕೆಳಗೆ ಕೂರುವ ನಾಲಿಗೆ. ಸಂಜೆ ಪೂಜೆ ಮುಗಿಸಿ ಲೂದಿಂಗ್ ಚರ್ಚಿನಿಂದ ಬರುವಷ್ಟರಲ್ಲಿ ಇಪ್ಪತ್ತನಾಲ್ಕು ಪುಟವೂ ಅರವತ್ತೊಂದು ತುಂಡಾಗಿ ಮೊಳೆಗೆ ನೇತಾಡುತ್ತಿದ್ದವು. ಗುಟ್ಟು ರಟ್ಟಾಗುವುದನ್ನು ನೀವು ಕೇಳಿರುತ್ತೀರಿ. ಒಂದು ಇಡೀ ಕತೆ ರಟ್ಟಾಗಿ ಹೋದದ್ದು ನಮ್ಮ ಬೀದಿಯಲ್ಲೇ.

ಲೂದಿಂಗ್ ಕೂಗಾಡಲಿಲ್ಲ. ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಿದಳು, ಮತ್ತೆ ಮೊಳೆಗೆ ಹಾಕಿದಳು, ಅಕ್ಕನಿಗೆ ಅನ್ನ ಬಡಿಸಿದಳು. ಸೋಮವಾರ ಮನಿಲಾಕ್ಕೆ ಹೋಗಲಿಲ್ಲ. ಚಿತ್ರ ಬಿಡಿಸುವವಳು ಚಿತ್ರವನ್ನೇ ಬಿಟ್ಟಳು. ಮದುವೆಯಾದಳು, ಶಾಲೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಗೆ ನಿಂತಳು. ಆ ನಮೂನೆಗಳೋ, ಎಷ್ಟು ಚೆನ್ನಾಗಿ ಕೂತವೆಂದರೆ ಹತ್ತು ವರ್ಷ ಅವುಗಳಿಂದಲೇ ಬೂಟು ಹೊಲಿದರು. ಸೆಲ್ಯಳ ಕತೆಯನ್ನು ಊರ ಮಕ್ಕಳು ಓದಲಿಲ್ಲ, ಮೆಟ್ಟಿಕೊಂಡು ಓಡಿದರು.

ಪಾಸಿಂಗ್ ಮೊದಲ ದಿನ ಹೆದರಿ ಬಾಯಿ ತೆರೆಯಲಿಲ್ಲ. ಮೊದಲ ವರ್ಷ ನಾಚಿ ತೆರೆಯಲಿಲ್ಲ. ಆಮೇಲೆ ಇಷ್ಟು ತಡವಾಗಿ ಹೇಗೆ ಹೇಳುವುದು ಎಂದು ತೆರೆಯಲಿಲ್ಲ. ಸಾವಿರಾರು ಬೂಟಿಗೆ ನಾಲಿಗೆ ಹೊಲಿದವಳಿಗೆ ತನ್ನದು ಏಳಲಿಲ್ಲ. ಕ್ರಿಸ್‌ಮಸ್ಸಿಗೆ ಸೇರುತ್ತಿದ್ದರು, ಮಕ್ಕಳಿಗೆ ಜ್ವರ ಬಂದರೆ ಓಡಿ ಬರುತ್ತಿದ್ದರು, ಎಲ್ಲ ಮಾತಾಡುತ್ತಿದ್ದರು, ಅದೊಂದನ್ನು ಬಿಟ್ಟು. ಅರವತ್ತೊಂದು ತುಂಡುಗಳಲ್ಲಿ ಒಂದರ ಮೇಲೆ ಮಾತ್ರ ಒಂದು ಕಣ್ಣಿತ್ತು. ದುಂಡನೆಯ, ರೆಪ್ಪೆಯಿಲ್ಲದ ಕಣ್ಣು, ಅದರ ಕೆಳಗೆ ಒಂದು ಹನಿ. ಅದು ನಾಲಿಗೆಯ ನಮೂನೆ. ಅದನ್ನು ಬಳಸುವಾಗಲೆಲ್ಲ ಪಾಸಿಂಗ್ ಮಗುಚಿ ಹಾಕಿಯೇ ಕತ್ತರಿಸುತ್ತಿದ್ದಳು. "ನನ್ನನ್ನೇ ನೋಡತ್ತೆ ಕಣೆ ಅದು," ಎಂದು ನನ್ನ ಬಳಿ ಒಮ್ಮೆ ಅಂದಿದ್ದಳು.

ಹೋದ ನವೆಂಬರ್ ಒಂದರಂದು, ಎಲ್ಲರೂ ಸ್ಮಶಾನದಲ್ಲಿ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ, ಬುತ್ತಿ ಬಿಚ್ಚಿ, ಸತ್ತವರ ಜೊತೆ ಊಟಕ್ಕೆ ಕೂತಿದ್ದಾಗ, ಲೂದಿಂಗಳ ಮೊಮ್ಮಗಳು ಶಾಲೆಯ ಪುಸ್ತಕ ತೆರೆದು ಅಜ್ಜಿಯ, ಅಂದರೆ ತನ್ನ ಲೋಲಾಳ, ಮುಂದಿಟ್ಟಳು.

"ಲೋಲಾ, ಒಂದು ಎಮ್ಮೆ ಬಿಡಿಸಿಕೊಡು."

"ನಂಗೆ ಬರಲ್ಲ, ಪುಟ್ಟಿ," ಎಂದಳು ಲೂದಿಂಗ್. "ಲೋಲಾಗೆ ಚಿತ್ರ ಎಲ್ಲಿಂದ ಬರ್ಬೇಕು?"

ಪಾಸಿಂಗಳ ಕೈಯಲ್ಲಿದ್ದ ಬತ್ತಿ ಅಪ್ಪನ ಸಮಾಧಿಯ ಮೇಲೆ ಬಿದ್ದು ಆರಿತು. ಆ ಮಗುವಿನ ಚೀಲಕ್ಕೆ ಬೆರಳುದ್ದದ ಗೊಂಬೆಯೊಂದು ನೇತಾಡುತ್ತಿತ್ತು. ಚಿತ್ರಕತೆ ಮೇಳದಲ್ಲಿ ಕೊಂಡದ್ದಂತೆ. ಅಲ್ಲಿ ಕತೆ ಬರೆಯುವವರು, ಬಿಡಿಸುವವರು, ಕೈಯಾರೆ ಮಾಡಿದ್ದನ್ನು ಮಾರುವವರು ಎಲ್ಲ ಒಂದೇ ಸೂರಿನಡಿ ಕೂರುತ್ತಾರಂತೆ. ಪಾಸಿಂಗ್ ಆ ಗೊಂಬೆಯನ್ನು ಬೂಟು ನೋಡುವ ಹಾಗೆ ಹೊಲಿಗೆ ತಿರುಗಿಸಿ ತಿರುಗಿಸಿ ನೋಡಿದಳು.

ಜನವರಿಯಲ್ಲಿ ಆಕೆಯ ಮನೆಗೆ ಹೋದರೆ ಮೇಜಿನ ತುಂಬ ಹೆಬ್ಬೆರಳುದ್ದದ ಬೂಟುಗಳು. ಉಳಿಕೆ ಚರ್ಮದ್ದು, ದಾರ ಸಮೇತ, ಅಟ್ಟೆ ಸಮೇತ, ಬೀಗದ ಕೈಗೆ ಸಿಕ್ಕಿಸುವ ಬಳೆ ಸಮೇತ. ಒಂದರ ನಾಲಿಗೆ ಎತ್ತಿ ತೋರಿಸಿದಳು. ಒಳಗೆ, ಕಾಸಿದ ಸೂಜಿಯಿಂದ ಸುಟ್ಟು ಬರೆದ ಒಂದು ಕೈ. ಇನ್ನೊಂದರಲ್ಲಿ ಅಲೆ. ಮತ್ತೊಂದರಲ್ಲಿ ಅರ್ಧ ಜಡೆ. ಗೋಡೆಗೆ ಅಕ್ಕಿಯ ಹಳೇ ಚೀಲ ಒರಗಿತ್ತು. ಅದರಲ್ಲಿ ಅರವತ್ತೊಂದೂ ನಮೂನೆ. ಒಂದೊಂದರ ಹಿಂದಿನ ಚಿತ್ರವನ್ನು ಒಂದೊಂದು ಬೂಟಿನೊಳಗೆ ಇಳಿಸಿದ್ದಳು.

"ಲೂದಿಂಗನ್ನ ಕೇಳಿದ್ಯಾ?" ಎಂದೆ.

"ಕೇಳಿದ್ರೆ ಬೇಡ ಅಂತಾಳೆ."

"ಕೇಳದೆ ಮಾಡಿದ್ರೆ ಏನಂತಾಳೆ?"

ಪಾಸಿಂಗ್ ಸೂಜಿಯನ್ನು ಮೇಣದ ಬತ್ತಿಗೆ ಹಿಡಿದಳು. "ಎರಡನೇ ಸಲ ಕತ್ತರಿಸಿದೆ ಅಂತಾಳೆ. ಆಮೇಲೆ ಕ್ರಿಸ್‌ಮಸ್ಸಿಗೂ ಬರಲ್ಲ. ಗೊತ್ತು ನಂಗೆ. ಆದ್ರೆ ಮಗು ಮುಂದೆ ಚಿತ್ರ ಬರಲ್ಲ ಅಂದ್ಳಲ್ಲ, ಅದನ್ನ ಕೇಳಿಸ್ಕೊಂಡೂ ಸುಮ್ನಿರೋಕಾಗಲ್ಲ. ಅವಳು ಬಿಡಿಸಿದ್ದು ನಾಲ್ಕು ಜನ ನೋಡ್ಲಿ. ಅವಳೂ ನೋಡ್ಲಿ."

ಹಾಗೆ ಮಾರ್ಚ್ ತಿಂಗಳ ಒಂದು ಶನಿವಾರ ಕೆಸೊನ್ ಸಿಟಿಯ ಸಭಾಂಗಣವೊಂದರಲ್ಲಿ ನಡೆದ ಚಿತ್ರಕತೆ ಮೇಳದಲ್ಲಿ ಅರ್ಧ ಮೇಜು ನಮ್ಮ ಪಾಲಿಗೆ ಬಂತು. ತಂಗಿಗೆ ಹೇಳಿ ಕಳಿಸಿದ್ದಿಷ್ಟೇ, "ಶನಿವಾರ ಒಂದು ಸಣ್ಣ ಅಂಗಡಿ ಹಾಕ್ತಿದೀನಿ, ಬಾ." ತಂಗಿಯಿಂದ ಬಂದ ಉತ್ತರ, "ನೋಡೋಣ." ನೋಡೋಣ ಎಂದವರು ನೋಡಲು ಬರುವುದಿಲ್ಲ ಎಂಬುದು ಯಾವ ದೇಶದಲ್ಲೂ ಒಂದೇ.

ಬಾಗಿಲು ತೆರೆದದ್ದೇ ತಡ, ಚಿತ್ರಕತೆಯ ಪಾತ್ರಗಳ ವೇಷ ಹಾಕಿದ ಹುಡುಗ ಹುಡುಗಿಯರು, ರೆಕ್ಕೆಯವರು, ಬಾಲದವರು, ಕೊಂಬಿನವರು, ಮೈಗಿಂತ ಉದ್ದದ ರಟ್ಟಿನ ಕತ್ತಿ ಹಿಡಿದವರು ಒಳಗೆ ನುಗ್ಗಿದರು. ಪಾಸಿಂಗ್ ಕತ್ತಿಯೊಂದನ್ನು ಕಣ್ಣಲ್ಲೇ ಅಳೆದಳು.

"ಆ ಕತ್ತೀಲಿ ಹನ್ನೆರಡು ನಮೂನೆ ಆಗ್ತಿತ್ತು," ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡು ಮೇಜಿನ ಬಟ್ಟೆ ಸರಿಮಾಡತೊಡಗಿದಳು.

ಮೇಜಿನ ಇನ್ನರ್ಧದಲ್ಲಿ ರೊಡೆಲ್ ಎಂಬ ನಲವತ್ತರ ಬ್ಯಾಂಕ್ ನೌಕರ. ವಾರಕ್ಕೆ ಐದು ದಿನ ಬ್ಯಾಂಕಿನಲ್ಲಿ ಮುದ್ರೆ ಒತ್ತಿ, ಶನಿವಾರ ದೆವ್ವದ ಕತೆ ಬರೆಯುವ ಸಂಸಾರಸ್ಥ. ದೆವ್ವಗಳ ಜೊತೆ ಪಳಗಿದ್ದರಿಂದ ನಮ್ಮ ಜೊತೆಯೂ ಬೇಗ ಹೊಂದಿಕೊಂಡ. ನಮ್ಮ ಕಡೆ ಪಾಸಿಂಗ್ ತಾನೇ ಬರೆದ ಫಲಕ: 'ಬೂಟು: ಪಾಸಿಯೆನ್ಸಿಯಾ. ಚಿತ್ರ: ಲೂದಿವಿನಾ, ನನ್ನ ತಂಗಿ.'

ಮೊದಲ ಗಿರಾಕಿ ಕೊಂಬಿನ ಹುಡುಗಿ. ಒಂದು ಬೂಟು ಎತ್ತಿದಳು, ನಾಲಿಗೆ ಸರಿಸಿದಳು, ಒಳಗಿನ ಕೈಯನ್ನು ನೋಡಿ "ಅಯ್ಯೋ!" ಅಂದಳು, ಬೆಲೆ ಕೇಳಿದಳು.

"ನೂರೈವತ್ತು ಪೆಸೊ," ಎಂದು ಪಾಸಿಂಗ್ ಮುಂದಿನ ಮಾತಿಗೆ ಕಾದಳು. ಹುಡುಗಿ ನೂರೈವತ್ತು ಕೊಟ್ಟು, ಕೊಂಬು ಅಲ್ಲಾಡಿಸಿ ಹೋಗಿಯೇಬಿಟ್ಟಳು.

ಬೋಣಿ ಆಯಿತು. ಪಾಸಿಂಗ್ ನೋಟನ್ನು ಶಾಸ್ತ್ರಪ್ರಕಾರ ಎಲ್ಲ ಬೂಟುಗಳಿಗೂ ಮುಟ್ಟಿಸಿದಳು. ಆದರೆ ಮುಖ ಹುಳಿಹುಳಿ.

"ಏನಾಯ್ತೆ?"

"ಕೇಳಲೇ ಇಲ್ವಲ್ಲ!"

"ಏನನ್ನ?"

"ತವಾದ್! ನೂರಕ್ಕೆ ಕೊಡೋದು ಅಂತಾನೇ ನೂರೈವತ್ತು ಹೇಳಿದ್ದು. ಅವಳು ಎಂಬತ್ತು ಅನ್ಬೇಕು, ನಾನು ಎದೆ ಹಿಡ್ಕೋಬೇಕು, ಅವಳು ಎರಡು ಹೆಜ್ಜೆ ಹೋಗ್ಬೇಕು, ನಾನು ಕರೀಬೇಕು. ಅದೇನೂ ಇಲ್ದೆ ದುಡ್ಡು ಕೊಟ್ಟು ಹೋದ್ಳಲ್ಲ, ನಾನೇನು ಕಳ್ಳಿನಾ?"

ತವಾದ್ ಎಂಬ ಪದ ನಮ್ಮಲ್ಲಿ ಎರಡು ಕಡೆ ಅಂಗಡಿ ಇಟ್ಟಿದೆ. ಸಂತೆಯಲ್ಲಿ ಅದರ ಅರ್ಥ 'ಬೆಲೆ ಸ್ವಲ್ಪ ಬಿಡಿ'. ಚರ್ಚಿನಲ್ಲಿ 'ತಪ್ಪನ್ನು ಬಿಡಿ'. ಏಳನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಪಾಪ ಒಪ್ಪಿಕೊಳ್ಳಲು ಹೋದಾಗ ಪಾದ್ರಿಗಳು "ತವಾದ್ ಬೇಕಾದರೆ ಹತ್ತು ಸಲ ಜಪ ಹೇಳು" ಎಂದರು. ಅಮ್ಮ ಮೀನಿನವಳಿಗೆ ಹೇಳುವ ಧಾಟಿಯಲ್ಲಿ ನಾನು "ಐದಕ್ಕೆ ಕೊಡಿ" ಎಂದೆ. ಸಿಸ್ಟರ್ ಕಾರಿದಾದ್ ಕಿವಿ ಹಿಂಡಿದರು. ಕಿವಿಗೆ ತವಾದ್ ಇರಲಿಲ್ಲ.

ಎರಡನೆಯ ಗಿರಾಕಿ ಕತ್ತಿಯ ಹುಡುಗ. ಪಾಸಿಂಗ್ ಈ ಸಲ ತಾನೇ ಎತ್ತಿಕೊಟ್ಟಳು. "ಜಾಸ್ತಿ ಆಯ್ತು ಅನ್ನಪ್ಪ."

"ಇಲ್ಲ ಲೋಲಾ, ಕೈಕೆಲಸ ಅಲ್ವಾ? ಕಡಿಮೆನೇ ಇದೆ."

"ಕಡಿಮೇನಾ! ಅನ್ನಪ್ಪ, ಒಂದ್ಸಲ ಅಂದು ನೋಡು. ಅಜ್ಜಿ ಹತ್ರ ಏನು ನಾಚ್ಕೆ?"

ಹುಡುಗ ಗಾಬರಿಯಾಗಿ ಇನ್ನೂರು ಕೊಟ್ಟು ಚಿಲ್ಲರೆ ಬೇಡ ಅಂದ.

ರೊಡೆಲ್ ನಗು ತಡೆದುಕೊಂಡು ತಿಳಿಹೇಳಿದ. "ಲೋಲಾ, ಇಲ್ಲಿ ಯಾರೂ ಚೌಕಾಸಿ ಮಾಡಲ್ಲ. ಕೈಯಾರೆ ಮಾಡಿದವರಿಗೆ ಅವಮಾನ ಮಾಡಿದ ಹಾಗೆ ಅಂತಾರೆ."

"ನಮ್ಮಲ್ಲಿ ಚೌಕಾಸಿ ಮಾಡ್ದಿದ್ರೆ ಅವಮಾನ," ಎಂದಳು ಪಾಸಿಂಗ್. ಕೊನೆಗೆ ತನ್ನ ಮನಸ್ಸಾಕ್ಷಿಗೆ ತಾನೇ ದಾರಿ ಕಂಡುಕೊಂಡಳು. ತಿನ್ನಲೆಂದು ತಂದಿದ್ದ ಬಿಸ್ಕತ್ತಿನ ಡಬ್ಬಿ ತೆಗೆದು, ಪೂರ್ತಿ ಬೆಲೆ ಕೊಟ್ಟವರ ಕೈಗೆಲ್ಲ ಎರಡೆರಡು ಪಾಸಿಯೆನ್ಸಿಯಾ ಹಾಕಿ "ಪಾಸೆನ್ಸಿಯಾ" ಎಂದು ಕ್ಷಮೆ ಕೇಳತೊಡಗಿದಳು. ಕೊಡುವವಳ ಹೆಸರು, ಕೊಟ್ಟದ್ದರ ಹೆಸರು, ಕೊಡುವಾಗಿನ ಮಾತು, ಮೂರೂ ಒಂದೇ. ಗಣಿತದಲ್ಲಿ ಪಾಸಾಗದವಳಿಗೆ ಇಷ್ಟು ಸರಿಯಾದ ಲೆಕ್ಕ ಹೇಗೆ ಬಂತೋ!

ಬೂಟುಗಳು ಹೋಗುತ್ತಿದ್ದವು. ಕೊಂಡವರೆಲ್ಲ ನಾಲಿಗೆ ಎತ್ತಿ ನೋಡಿ ಕೇಳುತ್ತಿದ್ದುದು ಒಂದೇ. "ಲೋಲಾ, ಇದೇನು ಕತೆ?"

"ಒಬ್ಳು ಹುಡುಗಿ. ಬರಿಗಾಲಲ್ಲಿ ಹೊಳೆ ಮೇಲೆ ನಡೀತಾಳೆ."

"ಆಮೇಲೆ?"

"ಆಮೇಲೆ ನಾನು ಕತ್ತರಿಸಿದೆ."

ಅವರು ನಗುತ್ತಿದ್ದರು, ಇದೂ ಒಂದು ತಮಾಷೆ ಇರಬೇಕು ಎಂದು. ಪಾಸಿಂಗಳಿಗೆ ನಿಜವಾಗಿಯೂ ಅಷ್ಟೇ ಗೊತ್ತಿತ್ತು. ಕತೆಯನ್ನು ಆಕೆ ಓದಿಯೇ ಇರಲಿಲ್ಲ. ಐದಾರು ಸಲ ಹೀಗೆ ಹೇಳಿದ ಮೇಲೆ ಆಕೆಯ ದನಿ ಸಣ್ಣದಾಯಿತು. ಒಬ್ಬರು ಬಾಗಿಲಿಗೆ ಬಂದರೆ ಸಾಕು, ಕುತ್ತಿಗೆ ಉದ್ದ ಮಾಡಿ ನೋಡುವಳು. ಕಣ್ಣಿನ ಬೂಟೊಂದನ್ನು ಮಾತ್ರ ಡಬ್ಬಿಯ ಹಿಂದೆ ಮರೆಮಾಡಿದ್ದಳು. ಯಾರಾದರೂ ಅದಕ್ಕೆ ಕೈ ಹಾಕಿದರೆ "ಅದು ಹೊಲಿಗೆ ಬಿಟ್ಟಿದೆಯಪ್ಪ" ಎನ್ನುವಳು. ಆಕೆಯ ಹೊಲಿಗೆ ಬಿಡುವುದೆಂದರೆ ಹೊಳೆ ಹಿಂದಕ್ಕೆ ಹರಿದ ಹಾಗೆ.

ನಾಲ್ಕು ಗಂಟೆಯಾಯಿತು. "ಬರಲ್ಲ ಬಿಡು," ಎಂದಳು. ಮೇಜಿನ ಕೆಳಗಿದ್ದ ಅಕ್ಕಿಚೀಲವನ್ನು ಕಾಲಲ್ಲಿ ಒಳಕ್ಕೆ ತಳ್ಳಿದಳು. ಅರವತ್ತೊಂದೂ ನಮೂನೆಗಳನ್ನು ತಂಗಿಗೆ ಹಿಂದಿರುಗಿಸಲೆಂದು ಬೆಳಗ್ಗೆ ಮೂರು ಜೀಪ್ನಿ ಬದಲಿಸಿ ಹೊತ್ತು ತಂದಿದ್ದಳು.

ಆಗಲೇ ಎರಡು ರೆಕ್ಕೆಯವರ ನಡುವೆ ದಾರಿ ಬಿಡಿಸಿಕೊಂಡು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು, ನರೆತ ಕೂದಲನ್ನು ಗಂಟು ಕಟ್ಟಿದ ಗಿಡ್ಡ ಹೆಂಗಸೊಬ್ಬಳು ಬಂದಳು. ನಮ್ಮಲ್ಲಿ ಅಕ್ಕನನ್ನು 'ಆತೆ' ಎನ್ನುತ್ತೇವೆ. ಒಂದು ತಕಾರ ಹೆಚ್ಚಾದರೆ ಸಂಬಂಧವೇ ಕೆಟ್ಟು ಅತ್ತೆಯಾಗುತ್ತದೆ, ಅದಕ್ಕೇ ಹಗುರವಾಗಿ ಕರೆಯಬೇಕು.

"ಆತೆ, ಊಟ ಆಯ್ತಾ?" ಎಂದಳು ಲೂದಿಂಗ್. "ಇಲ್ಲಿ ಎಲ್ಲ ದುಬಾರಿ ಅಂದ್ರು. ಅನ್ನ, ಕೋಳಿ ಅಡೋಬೊ ತಂದಿದೀನಿ."

"ಇನ್ನೂ ಇಲ್ಲ," ಎಂದಳು ಪಾಸಿಂಗ್. ಆಗಿತ್ತು. ನಾನೂ ಅವಳೂ ಒಟ್ಟಿಗೇ ತಿಂದಿದ್ದೆವು.

ಡಬ್ಬಿ ಇಡಲು ಜಾಗ ನೋಡುತ್ತಿದ್ದ ಲೂದಿಂಗಳ ಕಣ್ಣಿಗೆ ಫಲಕ ಬಿತ್ತು. ಓದಿದಳು. ಇನ್ನೊಂದು ಸಲ ಓದಿದಳು. ಛತ್ರಿಯನ್ನು ಮೇಜಿಗೆ ಒರಗಿಸಿದಳು, ಡಬ್ಬಿ ಕೈಯಲ್ಲೇ ಉಳಿಯಿತು. ಒಂದು ಬೂಟು ಎತ್ತಿ ನಾಲಿಗೆ ಸರಿಸಿದಳು. ಅರ್ಧ ಜಡೆ. ಇನ್ನೊಂದು. ಅಲೆ. ಮತ್ತೊಂದು. ಅವಳ ಬೆರಳುಗಳಿಗೆ ಆ ಗೆರೆಗಳು ಗೊತ್ತಿದ್ದವು ಎಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು.

"ನನ್ನ ಹೆಸರು ಹಾಕಿದೀಯ."

"ಹೂಂ."

"ಯಾರನ್ನ ಕೇಳಿ?"

ಪಾಸಿಂಗ್ ಬಿಸ್ಕತ್ತಿನ ಡಬ್ಬಿಗೆ ಮುಚ್ಚಳ ಹಾಕಿದಳು. ರೊಡೆಲ್ ತನ್ನ ದೆವ್ವದ ಪುಸ್ತಕಗಳನ್ನು ಸುಮ್ಮನೆ ಜೋಡಿಸತೊಡಗಿದ.

"ಆವತ್ತೂ ಕೇಳ್ಲಿಲ್ಲ," ಎಂದಳು ಲೂದಿಂಗ್.

ನಲವತ್ತೊಂದು ವರ್ಷ ಒಳಗೇ ಮಡಚಿಟ್ಟ ಮಾತು ಇಷ್ಟೇ ಚಿಕ್ಕದಾಗಿತ್ತು. ದನಿ ಏರಿಸಿ ಅಂದದ್ದೂ ಅಲ್ಲ. ಪಾಸಿಂಗ್ ಸ್ಟೂಲಿನಿಂದ ಎದ್ದಳು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತಳು.

"ರಟ್ಟು ಹೋದ್ರೆ ಹೋಯ್ತು, ಇನ್ನೊಂದ್ಸಲ ಬಿಡಿಸ್ತಿದ್ದೆ," ಎಂದಳು ತಂಗಿ. "ನೀನು ತಿರುಗಿಸಿ ಸಹ ನೋಡ್ಲಿಲ್ವಲ್ಲ, ಆತೆ. ಏನಿದೆ ಇದ್ರಲ್ಲಿ ಅಂತ ಒಂದ್ಸಲ ನೋಡ್ಲಿಲ್ಲ. ಮನೆಯವ್ಳೇ ನೋಡ್ದಿದ್ದನ್ನ ಮನಿಲಾದವ್ನು ಏನು ನೋಡ್ತಾನೆ ಅನ್ನಿಸ್ಬಿಡ್ತು."

"ಆಮೇಲೆ ನೋಡ್ದೆ," ಎಂದಳು ಪಾಸಿಂಗ್. "ಆಮೇಲೆ ದಿನಾ ನೋಡ್ದೆ." ಬಗ್ಗಿ ಅಕ್ಕಿಚೀಲವನ್ನು ಹೊರಗೆಳೆದಳು. "ಒಂದೂ ಎಸೆದಿಲ್ಲ. ಒಲೆಗೆ ಹಾಕಿಲ್ಲ. ಪ್ರವಾಹ ಬಂದಾಗ ಮೊದಲು ಇದನ್ನ ಅಟ್ಟಕ್ಕೆ ಹಾಕಿ, ಆಮೇಲೆ ಅಕ್ಕಿ ಹಾಕ್ದೆ. ತಗೊಂಡ್ಹೋಗು. ಫ‌ಲಕ ತೆಗೀತೀನಿ. ಉಳಿದ ಬೂಟೂ ತಗೊಂಡ್ಹೋಗು."

ಫಲಕಕ್ಕೆ ಕೈ ಹಾಕುವ ಅವಸರದಲ್ಲಿ ಬಿಸ್ಕತ್ತಿನ ಡಬ್ಬಿ ಸರಿಯಿತು. ಹಿಂದೆ ಅಡಗಿದ್ದ ಕಣ್ಣಿನ ಬೂಟು ಉರುಳಿ ಲೂದಿಂಗಳ ಮುಂದೆ ಬಂದು ನಿಂತಿತು. ಅವಳು ಎತ್ತಿ ನಾಲಿಗೆ ಸರಿಸಿದಳು. ಹುಬ್ಬು ಗಂಟಿಕ್ಕಿದಳು.

"ಇದೇನು ಅಂತ ಮಾಡಿದೀಯ?"

"ಕಣ್ಣು," ಎಂದಳು ಪಾಸಿಂಗ್ ತಲೆ ಎತ್ತದೆ. "ಸೆಲ್ಯಂದು. ಅಳೋ ಕಣ್ಣು."

"ಸೆಲ್ಯ ಎಲ್ಲೂ ಅಳಲ್ಲ."

"ಮತ್ತೆ ಹನಿ ಇದ್ಯಲ್ಲ?"

ಲೂದಿಂಗ್ ಊಟದ ಡಬ್ಬಿಯನ್ನು ಕೊನೆಗೂ ಕೆಳಗಿಟ್ಟಳು. ಚೀಲದೊಳಗೆ ಕೈಹಾಕಿ, ತಡಕಿ, ಆ ಒಂದು ನಮೂನೆಯನ್ನು ತೆಗೆದಳು. ಅಂಚು ಸವೆದು ಕಪ್ಪಾಗಿತ್ತು. ಅದನ್ನು ಅಕ್ಕನ ಮುಖದ ಮುಂದೆ ಹಿಡಿದು ತಲೆಕೆಳಗು ಮಾಡಿದಳು.

"ಮೀನು."

"ಏನು?"

"ಇದು ಮೀನು, ಆತೆ. ಹೊಳೆ ಮೀನು. ನೋಡು, ಇಲ್ಲಿ ಬಾಯಿ. ಬೆನ್ನು ನೀನು ಕತ್ತರಿಸಿ ಹಾಕಿದೀಯ. ಇದು ಹನಿ ಅಲ್ಲ, ಗುಳ್ಳೆ. ಮೀನು ಉಸಿರು ಬಿಟ್ರೆ ಗುಳ್ಳೆ ಮೇಲೆ ಹೋಗತ್ತೆ. ನೀನು ತಲೆಕೆಳಗೆ ಹಿಡ್ಕೊಂಡ್ರೆ ಕೆಳಗೆ ಬೀಳತ್ತೆ, ಇನ್ನೇನು?"

ಪಾಸಿಂಗ್ ರಟ್ಟನ್ನು ಕೈಗೆ ತೆಗೆದುಕೊಂಡಳು. ಹೀಗೆ ತಿರುಗಿಸಿದಳು, ಕಣ್ಣು. ಹಾಗೆ ತಿರುಗಿಸಿದಳು, ಮೀನು. ರೆಪ್ಪೆ ಯಾಕಿಲ್ಲ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ನಲವತ್ತೊಂದು ವರ್ಷ," ಎಂದಳು ನಿಧಾನವಾಗಿ, "ನಾನು ಒಂದು ಮೀನಿಗೆ ಹೆದರ್ಕೊಂಡು ಬದುಕಿದ್ನಾ?"

ಮೊದಲು ನಕ್ಕವಳು ಲೂದಿಂಗ್. ಮೂಗಿನಲ್ಲಿ ಸಣ್ಣದಾಗಿ ಶುರುವಾದದ್ದು ಹೊಟ್ಟೆಗಿಳಿಯಿತು. ಪಾಸಿಂಗ್ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು, ತಲೆಕೆಳಗಾದ ಆ ಚಿತ್ರದ ಹಾಗೆಯೇ.

ರೊಡೆಲ್‌ಗೆ ತಡೆಯಲಾಗಲಿಲ್ಲ. ಬೆಳಗಿನಿಂದ 'ಆಮೇಲೆ ನಾನು ಕತ್ತರಿಸಿದೆ' ಎಂಬುದನ್ನೇ ಕೇಳಿ ಕೇಳಿ ಅವನ ಹೊಟ್ಟೆ ಉಬ್ಬಿತ್ತು. "ಆಂಟಿ, ಆ ಮೀನು ಏನು ಮಾಡತ್ತೆ? ಕತೆ ಆಮೇಲೆ ಏನಾಗತ್ತೆ?"

ಲೂದಿಂಗ್ ಅವನನ್ನೂ ಅವನ ಪುಸ್ತಕಗಳನ್ನೂ ಒಮ್ಮೆ ನೋಡಿದಳು. ನಲವತ್ತೊಂದು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು. ಅದೂ ಒಂದು ಬೋಣಿಯೇ.

"ಊರವರೆಲ್ಲ ಸೇರಿ ಸೆಲ್ಯಗೆ ಒಂದು ಜೊತೆ ಒಳ್ಳೆ ಬೂಟು ಹೊಲಿದು ಕೊಡ್ತಾರೆ," ಎಂದಳು. "ಪ್ರೀತಿಗೇ ಕೊಡ್ತಾರೆ, ಕೆಟ್ಟದ್ದಕ್ಕಲ್ಲ. ಬೇಡ ಅನ್ನೋಕಾಗಲ್ಲ, ಹಾಕ್ಕೋತಾಳೆ. ಹೊಳೇಗಿಳಿದ್ರೆ ಮುಳುಗ್ತಾಳೆ. ಆಗ ಈ ಮೀನು ಬಂದು ಬೂಟಿನ ದಾರ ಕಚ್ಚಿ ಗಂಟು ಬಿಡ್ಸತ್ತೆ. ಬೂಟು ಕೆಳಗೆ ಹೋಗತ್ತೆ, ಸೆಲ್ಯ ಮೇಲೆ ಬರ್ತಾಳೆ."

"ಅಷ್ಟೇನಾ?"

"ಅಷ್ಟೇ. ಇಪ್ಪತ್ತನಾಲ್ಕೇ ಪುಟ ಅಲ್ವಾ?"

ಪಾಸಿಂಗ್ ಕಣ್ಣೊರೆಸಿಕೊಂಡು ರಟ್ಟಿನ ಮೀನನ್ನು ಮೇಜಿನ ಮೇಲೆ ಸರಿಯಾದ ಕಡೆಯಿಂದ ಇಟ್ಟಳು. ಯಾವುದನ್ನು ನೋಡಲಾರದೆ ಮಗುಚಿ ಹಾಕುತ್ತಿದ್ದಳೋ, ಇಡೀ ಕತೆಯಲ್ಲಿ ಸೆಲ್ಯಳನ್ನು ಬಿಡಿಸಲೆಂದೇ ಬಂದದ್ದು ಆ ಮೀನೊಂದೇ.

ಲೂದಿಂಗ್ ಪುಟ್ಟ ಬೂಟನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. ಹೊಲಿಗೆ ನೋಡಿದಳು, ಅಟ್ಟೆ ನೋಡಿದಳು, ಉಗುರಿನಿಂದ ಅಂಚು ಕೆರೆದಳು. ಸಂತೆಯಲ್ಲಿ ಹುಟ್ಟಿ ಬೆಳೆದವಳ ಮುಖ ಮಾಡಿಕೊಂಡು ಕೇಳಿದಳು, "ಎಷ್ಟು ಇದಕ್ಕೆ?"

ಪಾಸಿಂಗ್ ಮೂಗೊರೆಸಿಕೊಂಡಳು. "ನೂರೈವತ್ತು."

"ನೂರೈವತ್ತಾ! ತಲೆಕೆಳಗು ಮೀನಿಗೆ? ತವಾದ್ ಇಲ್ವಾ?"

ಬೆಳಗಿನಿಂದ ಯಾರಾದರೂ ಕೇಳಲಿ ಎಂದು ಗೋಗರೆದ ಮಾತು. ಪಾಸಿಂಗ್ ಎದೆ ಹಿಡಿದುಕೊಳ್ಳಬೇಕಿತ್ತು, 'ಚರ್ಮದ ಅಸಲೂ ಹುಟ್ಟಲ್ಲ' ಅನ್ನಬೇಕಿತ್ತು. ಅವಳು ತಂಗಿಯ ಮುಖ ನೋಡಿದಳು.

"ನಿನ್ನ ಹತ್ರ ಇದ್ಯಾ, ತವಾದ್?" ಎಂದಳು.

ಕೊಂಬಿನವರು, ಬಾಲದವರು ನಮ್ಮ ಮೇಜನ್ನು ಸುತ್ತಿಕೊಂಡು ಹೋಗುತ್ತಿದ್ದರು. ಲೂದಿಂಗ್ ಬೂಟಿನ ನಾಲಿಗೆಯನ್ನು ಮೇಲೆ ಕೆಳಗೆ ಮಾಡುತ್ತ ಬಹಳ ಹೊತ್ತು ಲೆಕ್ಕ ಹಾಕಿದಳು.

"ಪೂರ್ತಿ ಬಿಡೋಕಾಗಲ್ಲ, ಆತೆ," ಎಂದಳು ತಂಗಿ ಕೊನೆಗೆ. "ಹಳೇದು, ಗಟ್ಟಿಯಾಗ್ಬಿಟ್ಟಿದೆ. ಅರ್ಧ ಬಿಡ್ತೀನಿ."

"ಉಳಿದರ್ಧ?"

"ನೀನು ಎರಡು ಹೆಜ್ಜೆ ಹೋಗು. ನಾನು ಕರೀತೀನಿ."

ಪಾಸಿಂಗ್ ನಿಜವಾಗಿಯೂ ಎದ್ದು ಎರಡು ಹೆಜ್ಜೆ ಹೋದಳು. ಅರವತ್ತಮೂರರ ಹೆಂಗಸು, ರೊಡೆಲ್‌ನ ಮೇಜಿನ ತುದಿಯವರೆಗೆ. ಬೆನ್ನು ತಿರುಗಿಸಿ ನಿಂತಳು.

"ಬಾ, ಬಾ," ಎಂದಳು ಲೂದಿಂಗ್. "ಅಡೋಬೊ ಆರ್ಹೋಗತ್ತೆ."

ಎರಡನೆಯ ಮಧ್ಯಾಹ್ನದೂಟ ಮಾಡುವ ಅಕ್ಕನ ಪಕ್ಕ ತಂಗಿ ನನ್ನ ಸ್ಟೂಲಿನ ಮೇಲೆ ಕೂತಳು. ನಾನು ನಿಂತೆ. ರೊಡೆಲ್‌ನ ಪೆನ್ನು ಅವಳ ಕೈಯ ಹತ್ತಿರವೇ ಬಿದ್ದಿತ್ತು. ಯಾರೂ ಅದರ ಸುದ್ದಿ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಫಲಕದಲ್ಲಿ 'ನನ್ನ ತಂಗಿ' ಎಂಬುದರ ಕೆಳಗೆ ಒಂದು ಮೀನು ಇತ್ತು. ಬಾಲ ಕೊಂಚ ಸೊಟ್ಟ, ಹೊಟ್ಟೆ ದಪ್ಪ. "ಅಭ್ಯಾಸ ತಪ್ಪಿಹೋಗಿದೆ," ಎಂದಳು ಲೂದಿಂಗ್, ಯಾರೂ ಕೇಳದಿದ್ದರೂ.

ಮೇಳ ಮುಗಿಯುವ ಹೊತ್ತಿಗೆ ಬೆಳಗಿನ ಕೊಂಬಿನ ಹುಡುಗಿ ಗೆಳತಿಯನ್ನು ಕರೆತಂದಳು. ಗೆಳತಿಯ ಕಣ್ಣು ನೇರ ಮೀನಿನ ಬೂಟಿಗೆ ಹೋಯಿತು. ಪಾಸಿಂಗ್ ಬಾಯಲ್ಲಿ ಅನ್ನ ಇದ್ದಂತೆಯೇ ಹುರುಪುಗೊಂಡಳು. "ಕೇಳಮ್ಮ, ತವಾದ್ ಇದ್ಯಾ ಅಂತ ಕೇಳು!"

ಹುಡುಗಿ ನಾಚಿಕೊಂಡು ಕೇಳಿದಳು, "ತವಾದ್ ಇದ್ಯಾ, ಲೋಲಾ?"

ಲೂದಿಂಗ್ ಬೂಟನ್ನು ತನ್ನ ಕಡೆಗೆ ಎಳೆದುಕೊಂಡು ಛತ್ರಿಯ ಹಿಡಿಗೆ ಸಿಕ್ಕಿಸಿದಳು. "ಬೇರೆದಕ್ಕೆ ಇದೆ ಪುಟ್ಟಿ," ಎಂದಳು. "ಈ ಮೀನು ಆಗ್ಲೇ ಹೋಯ್ತು."